ಒದ್ದರೆ ಏಳದು, ಕಾದರೆ ಎದ್ದೀತು



ಈ ಪುಟಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಿನವು ಲೆಕ್ಕದ ಮೇಲೆಯೇ ಇರುತ್ತವೆ. ಚಕ್ರಬಡ್ಡಿ ಹೇಗೆ, ಲಾಭ-ನಷ್ಟ ಹೇಗೆ ಎಂದು ಕೇಳುತ್ತಾರೆ. ಬ್ಯಾಂಕಿನ ಗುಮಾಸ್ತನನ್ನು ಇನ್ನೇನು ಕೇಳಿಯಾರು? ಆದರೆ ಈ ಸಲ ಕಂಪ್ಲಿಯಿಂದ ಏಳನೇ ತರಗತಿಯ ಹುಡುಗನೊಬ್ಬ ಬೇರೆಯೇ ಪ್ರಶ್ನೆ ಹಾಕಿದ್ದಾನೆ.

“ತಾತಾ, ನಮ್ಮ ಮನೇಲಿ ಹಳೇ ಯೆಜ್ಡಿ ಬೈಕ್ ಇದೆ. ಕಿಕ್ ಕೆಳಗೆ ಇಳಿಯೋದೇ ಇಲ್ಲ. ಇಂಜಿನ್ ಸತ್ತಿದೆ, ಗುಜರಿಗೆ ಹಾಕಿಬಿಡೋಣ ಅಂತ ಅಪ್ಪ ಹೇಳ್ತಾರೆ. ನಮ್ಮ ತಾತ ಮಾತ್ರ ಏನೂ ಮಾತಾಡಲ್ಲ. ಇಂಜಿನ್ ನಿಜವಾಗ್ಲೂ ಸಾಯುತ್ತಾ?” ಕೆಳಗೆ ಬೇರೆ ಬಣ್ಣದ ಶಾಯಿಯಲ್ಲಿ ಇನ್ನೊಂದು: “ವಿಡಿಯೋ ಗೇಮಿನ ಮಜ್ದಾ ಕಾರಿಗೆ ರೋಟರಿ ಇಂಜಿನ್ ಅಂತೆ. ಅದಕ್ಕೆ ಪಿಸ್ಟನ್ನೇ ಇಲ್ಲವಂತೆ. ನಿಜಾನಾ?”

ಎರಡಕ್ಕೂ ಉತ್ತರ ಕೊಡುತ್ತೇನೆ. ನಾನು ಓದಿದ್ದು ಬಿ.ಕಾಂ. ಆದರೂ ಹೊಸಪೇಟೆಯಿಂದ ಸಂಡೂರಿಗೂ ಕಂಪ್ಲಿಗೂ, ಅತ್ತ ಸುಮಾರು 30 ಕಿಲೋಮೀಟರ್, ಇತ್ತ ಸುಮಾರು 30 ಕಿಲೋಮೀಟರ್, ನೌಕರಿಯ ಕಾಲದಲ್ಲಿ ಎರಡು ಸ್ಟ್ರೋಕಿನ ಬೈಕಿನ ಮೇಲೆಯೇ ಓಡಾಡಿದವನು. ದಾರಿಯಲ್ಲಿ ಪ್ಲಗ್ ಬಿಚ್ಚಿ ಒರೆಸಿ ಹಾಕದ ತಿಂಗಳು ಇರಲಿಲ್ಲ. ಈ ಕಾಗದಕ್ಕೆ ಮನೆಯಲ್ಲಿ ಕೂತು ಉತ್ತರ ಬರೆಯಲು ಮನಸ್ಸು ಬರಲಿಲ್ಲ. ನಮ್ಮ ಓಣಿಯ ಮೇಸ್ತ್ರಿಯನ್ನು ಕರೆದುಕೊಂಡು ಕಂಪ್ಲಿ ಬಸ್ಸು ಹತ್ತಿದೆ. ಎರಡು ಸ್ಟ್ರೋಕಿನ ಇಂಜಿನ್ನುಗಳನ್ನು ಬಿಚ್ಚಿ ಕಟ್ಟುವುದರಲ್ಲೇ ಅವರ ತಲೆ ನರೆತಿದೆ.

ಮನೆ ಕೋಟೆಯ ಕಡೆ, ಹೊಳೆಗೆ ಹತ್ತಿರ. ತುಂಗಭದ್ರಾ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುವ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಅಂಥ ಮಳೆಗಾಲಗಳ ತೇವವನ್ನೆಲ್ಲ ಕುಡಿಯುತ್ತಾ ಆ ಬೈಕು ದನದ ಕೊಟ್ಟಿಗೆಯ ಮೂಲೆಯಲ್ಲಿ ಒಂಬತ್ತು ವರ್ಷ ನಿಂತಿತ್ತು. ಸೀಟಿನ ಮೇಲೆ ಮೇವಿನ ಚೀಲ, ಹ್ಯಾಂಡಲ್ಲಿಗೆ ಹಗ್ಗ. ಗುಜರಿಯವನು ಬಂದು ನೋಡಿ ಎರಡೂವರೆ ಸಾವಿರ ಹೇಳಿ ಹೋಗಿದ್ದ. ಸೋಮವಾರ ಗಾಡಿ ತರುತ್ತೇನೆ ಎಂದೂ ಹೇಳಿದ್ದ. ನಾವು ಹೋದದ್ದು ಬುಧವಾರ.

ಹುಡುಗನ ಅಪ್ಪ ಒಳ್ಳೆಯ ಮನುಷ್ಯ. “ಸರ್ರ, ಇದನ್ನ ಇಟ್ಕೊಂಡು ಏನ್ ಮಾಡೋದ್ರಿ? ಜಾಗಾನೂ ಇಲ್ಲ. ಅಪ್ಪನಿಗೆ ಲಕ್ವಾ ಹೊಡದ ಮ್ಯಾಲೆ ಹೊಡಿಯೋರೂ ಇಲ್ಲ” ಎಂದರು. ಮಾತಿನಲ್ಲಿ ತಪ್ಪಿರಲಿಲ್ಲ. ತಾತ ಕಟ್ಟೆಯ ಮೇಲೆ ಕೂತು ಎಡಗೈಯಿಂದ ಬಲಗೈಯನ್ನು ನೀವಿಕೊಳ್ಳುತ್ತಿದ್ದರು. ಅವರಿಗೆ ಮಾತು ಸರಿಯಾಗಿ ಹೊರಡುವುದಿಲ್ಲ. ಆ ಬೈಕಿನ ಮೇಲೆ ಅವರು ಮೂವತ್ತು ವರ್ಷ ಹೊಸಪೇಟೆಗೆ ಬಾಳೆಗೊನೆ ಹೊತ್ತಿದ್ದಾರೆ. ಮಗನನ್ನು ಓದಿಸಿದ್ದು, ಮಗಳ ಮದುವೆ ಮಾಡಿದ್ದು ಅದರ ದುಡಿಮೆಯಲ್ಲೇ ಎಂದು ಅಜ್ಜಿ ಒಳಗಿನಿಂದಲೇ ಹೇಳಿದರು.

ಮೇಸ್ತ್ರಿ ಏನೂ ಮಾತಾಡದೆ ಕಿಕ್ಕಿನ ಮೇಲೆ ಕೈ ಇಟ್ಟು ಮೆಲ್ಲಗೆ ಒತ್ತಿ ನೋಡಿದರು. ಹುಡುಗ ಉತ್ಸಾಹದಿಂದ ಕಾಲೆತ್ತಿದ. “ಏ ತಮ್ಮಾ, ಒದೀಬ್ಯಾಡ! ಒದ್ದರೆ ಒಳಗಿನ ಹಲ್ಲು ಮುರಿತಾವು. ಹಿಡದಿದ್ದು ಒಂದು, ಮುರಿಯೋದು ಇನ್ನೊಂದು” ಎಂದರು ಮೇಸ್ತ್ರಿ.

ಮಕ್ಕಳೇ, ಇವತ್ತಿನ ಮೊದಲ ಪಾಠ ಇದು. ಇಂಜಿನ್ ‘ಹಿಡಿಯುವುದು’ ಎರಡು ತರಹ.

ಒಂದು, ಓಡುವಾಗ ಹಿಡಿಯುವುದು. ಎರಡು ಸ್ಟ್ರೋಕಿನ ಬೈಕಿನಲ್ಲಿ ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಿ ಹಾಕುತ್ತಾರೆ. ಒಳಗೆ ಜಾರುವಂತೆ ಮಾಡುವುದು ಆ ಎಣ್ಣೆಯೇ. ಅದು ಕಡಿಮೆಯಾದರೆ ಇಂಜಿನ್ ವಿಪರೀತ ಕಾಯುತ್ತದೆ. ಪಿಸ್ಟನ್ ಅಲ್ಯುಮಿನಿಯಮ್ಮಿನದು, ಹಳೆಯ ಬೈಕುಗಳಲ್ಲಿ ಅದು ಓಡಾಡುವ ಸಿಲಿಂಡರು ಎರಕದ ಕಬ್ಬಿಣದ್ದು. ಅಷ್ಟೇ ಬಿಸಿಗೆ ಅಲ್ಯುಮಿನಿಯಮ್ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹಿಗ್ಗಿದ ಪಿಸ್ಟನ್ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಬೈಕು ನಡುರಸ್ತೆಯಲ್ಲಿ ಗಕ್ಕನೆ ನಿಲ್ಲುತ್ತದೆ. ಇದು ಅಪಾಯದ ಹಿಡಿತ. ಒಳಗೆ ಗೀರು ಬಿದ್ದಿರುತ್ತದೆ.

ಇನ್ನೊಂದು, ನಿಂತಲ್ಲೇ ಹಿಡಿಯುವುದು. ವರ್ಷಗಟ್ಟಲೆ ಓಡಿಸದೆ ಬಿಟ್ಟರೆ ಒಳಗಿನ ಎಣ್ಣೆ ಆರಿಹೋಗುತ್ತದೆ, ಗಾಳಿಯ ತೇವ ಸೇರುತ್ತದೆ. ಪಿಸ್ಟನ್ನಿನ ಸುತ್ತ ಬಳೆಯಂತೆ ಇರುವ ರಿಂಗುಗಳಿಗೂ ಸಿಲಿಂಡರಿಗೂ ನಡುವೆ ತುಕ್ಕು ಬೆಳೆದು ಎರಡನ್ನೂ ಬೆಸೆಯುತ್ತದೆ. ಮಳೆಗಾಲದಲ್ಲಿ ಕಬ್ಬಿಣದ ಬೀಗಕ್ಕೆ ಬೀಗದ ಕೈ ಹೋಗದೆ ಇರುತ್ತದಲ್ಲ, ಹಾಗೆ. ಬೀಗಕ್ಕೆ ನಾವು ಏನು ಮಾಡುತ್ತೇವೆ? ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಕಾಯುತ್ತೇವೆ. ಇಲ್ಲಿಯೂ ಮದ್ದು ಅದೇ ಜಾತಿಯದು.

ಮೇಸ್ತ್ರಿ ಮೊದಲು ಬ್ಯಾಟರಿಯ ವೈರು ಬಿಡಿಸಿದರು, ಆಮೇಲೆ ಪ್ಲಗ್ ಬಿಚ್ಚಿದರು. ಪ್ಲಗ್ ಹುಡುಗನ ಅಂಗೈಗೆ ಬಂತು. ಈಗ ಎರಡನೆಯ ಪಾಠ, ಸ್ಪಾರ್ಕ್ ಪ್ಲಗ್ಗಿನದು.

ಪೆಟ್ರೋಲ್ ಇಂಜಿನ್ನಿನ ಒಳಗೆ ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣಕ್ಕೆ ಬೆಂಕಿ ತಾಗಿಸುವ ಕಡ್ಡಿಪೆಟ್ಟಿಗೆ ಇದು. ನಡುವೆ ಒಂದು ಲೋಹದ ಕಡ್ಡಿ, ಸುತ್ತ ಬಿಳಿ ಪಿಂಗಾಣಿ, ಹೊರಗೆ ಕಬ್ಬಿಣದ ಮರೆ. ತುದಿಯಲ್ಲಿ ಕೊಕ್ಕೆಯಂತೆ ಬಾಗಿದ ಇನ್ನೊಂದು ಕಡ್ಡಿ. ಎರಡು ಕಡ್ಡಿಗಳ ನಡುವಿನ ಸಂದು ಎಷ್ಟೋ ಹಳೆಯ ಬೈಕುಗಳಲ್ಲಿ 0.5ರಿಂದ 0.7 ಮಿಲಿಮೀಟರ್ ಇರುತ್ತದೆ. ಆ ಸಂದಿನಲ್ಲಿ ಸಾವಿರಾರು ವೋಲ್ಟಿನ ವಿದ್ಯುತ್ತು ಹಾರಿ ಕಿಡಿಯಾಗುತ್ತದೆ. ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ ಬೇಕು. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಎಷ್ಟು ಕಿಡಿ? 3000 ಭಾಗಿಸು 60, ಅಂದರೆ 50. ನೀವು ‘ಒಂದು’ ಎನ್ನುವಷ್ಟರಲ್ಲಿ ಐವತ್ತು ಸಲ ಕಡ್ಡಿ ಗೀರಿದ ಹಾಗೆ!

ಅಂದಹಾಗೆ, ಸಂಡೂರಿನ ಗಣಿಗಳಿಂದ ಅದಿರು ಹೊತ್ತು ಬರುವ ಲಾರಿಗಳಲ್ಲಿ ಸ್ಪಾರ್ಕ್ ಪ್ಲಗ್ ಹುಡುಕಬೇಡಿ, ಸಿಗುವುದಿಲ್ಲ. ಅವು ಡೀಸೆಲ್ಲಿನವು. ಅಲ್ಲಿ ಗಾಳಿಯನ್ನು ಎಷ್ಟು ಒತ್ತುತ್ತಾರೆ ಎಂದರೆ, ಆ ಒತ್ತಡದ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನಕ್ಕೆ ಕರೆದೊಯ್ಯುವ ಬ್ಯಾಟರಿ ಗಾಡಿಗೆ ಕಿಡಿಯೂ ಬೇಡ, ಎಣ್ಣೆ ಸುಡುವುದೂ ಬೇಡ.

ನಮ್ಮ ಹುಡುಗನ ಕೈಯಲ್ಲಿದ್ದ ಪ್ಲಗ್ಗಿನ ತುದಿ ಕಪ್ಪಾಗಿ ಜಿಡ್ಡು ಹಿಡಿದಿತ್ತು. ಮೇಸ್ತ್ರಿ ಅದನ್ನು ವೈದ್ಯರು ನಾಲಿಗೆ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದರು. ಪ್ಲಗ್ಗಿನ ಬಣ್ಣ ಇಂಜಿನ್ನಿನ ಆರೋಗ್ಯ ಹೇಳುತ್ತದೆ. ತುದಿ ತಿಳಿಗಂದು, ಅಂದರೆ ಚಹಾದ ಬಣ್ಣಕ್ಕಿದ್ದರೆ ಚೆನ್ನಾಗಿದೆ. ಒಣಗಿದ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಬರುತ್ತಿದೆ, ಅಥವಾ ಗಾಳಿ ಕಡಿಮೆ. ಸಂಡೂರು ದಾರಿಯ ಕೆಂಪು ಧೂಳು ಏರ್ ಫಿಲ್ಟರಿಗೆ ಮೆತ್ತಿಕೊಂಡಾಗ ಆಗುವುದು ಇದೇ. ಒದ್ದೆಯಾಗಿ ಜಿಡ್ಡಾಗಿದ್ದರೆ ಎಣ್ಣೆ ಹೆಚ್ಚು. ಸುಣ್ಣದಂತೆ ಬಿಳಿಚಿ ಬೊಬ್ಬೆ ಎದ್ದಿದ್ದರೆ ವಿಪರೀತ ಕಾದಿದೆ ಎಂದರ್ಥ, ತಕ್ಷಣ ಮೇಸ್ತ್ರಿಯ ಹತ್ತಿರ ಹೋಗಬೇಕು.

ಹೊಸ ಪ್ಲಗ್ ತರಲು ಹುಡುಗನನ್ನೂ ಕರೆದುಕೊಂಡು ಅಂಗಡಿಗೆ ಹೋದೆವು. ಅಲ್ಲಿ ನಿಂತಿದ್ದ ಗಿರಾಕಿಯೊಬ್ಬರು, “ನಂಬರ್ ಜಾಸ್ತಿ ಇರೋದು ತಗೋರಿ, ಪವರ್ ಜಾಸ್ತಿ ಬರ್ತದ” ಎಂದು ಸಲಹೆ ಕೊಟ್ಟರು. ಈ ಮಾತು ಊರೂರಲ್ಲೂ ಇದೆ, ಆದರೆ ಸರಿಯಲ್ಲ. ಪ್ಲಗ್ಗಿನ ನಂಬರಿಗೂ ಪವರಿಗೂ ಸಂಬಂಧವಿಲ್ಲ. ಅದು ಬಿಸಿಯನ್ನು ಎಷ್ಟು ಬೇಗ ಹೊರಗೆ ಹಾಕುತ್ತದೆ ಎನ್ನುವುದರ ಗುರುತು.

ಅಡುಗೆಮನೆಯ ಉದಾಹರಣೆ ಕೊಡುತ್ತೇನೆ. ಕುದಿಯುವ ಸಾರಿನಲ್ಲಿ ಸೌಟು ಇಟ್ಟಿದ್ದೀರಿ. ಹಿಡಿ ಗಿಡ್ಡವಾಗಿದ್ದರೆ ಬಿಸಿ ಬೇಗ ಕೈಗೆ ಹರಿದು ಬರುತ್ತದೆ, ಉದ್ದವಾಗಿದ್ದರೆ ತಡವಾಗಿ ಬರುತ್ತದೆ. ಪ್ಲಗ್ಗಿನ ಪಿಂಗಾಣಿಯ ಮೂಗೂ ಹಾಗೆಯೇ. ಮೂಗು ಉದ್ದವಿದ್ದರೆ ತುದಿಯ ಬಿಸಿ ಹೊರಗೆ ಹೋಗಲು ದೂರದ ದಾರಿ, ತುದಿ ಬಿಸಿಯಾಗಿಯೇ ಉಳಿಯುತ್ತದೆ. ಇದು ‘ಬಿಸಿ ಪ್ಲಗ್’. ಮೂಗು ಗಿಡ್ಡವಿದ್ದರೆ ಬಿಸಿ ಬೇಗ ಹೊರಟುಹೋಗುತ್ತದೆ. ಇದು ‘ತಣ್ಣನೆ ಪ್ಲಗ್’. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಮಸಿ ಸುಟ್ಟುಹೋಗದೆ ಮೆತ್ತಿಕೊಳ್ಳುತ್ತದೆ. ಸುಮಾರು 850 ಡಿಗ್ರಿ ದಾಟಿದರೆ ಕಿಡಿ ಹಾರುವ ಮೊದಲೇ ಕೆಂಡದಂಥ ತುದಿಯಿಂದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೆ ತೂತು ಬೀಳಬಹುದು. ಎರಡರ ನಡುವೆ ಇರುವಂತೆ ನೋಡಿಕೊಳ್ಳುವುದೇ ಸರಿಯಾದ ಪ್ಲಗ್ಗಿನ ಕೆಲಸ.

ಇನ್ನೊಂದು ತಮಾಷೆ ನೋಡಿ. ಜಪಾನಿನ ಎನ್‌ಜಿಕೆ ಕಂಪನಿಯ ಪ್ಲಗ್ಗುಗಳಲ್ಲಿ ನಂಬರು ಹೆಚ್ಚಾದಷ್ಟೂ ಪ್ಲಗ್ ತಣ್ಣಗಿನದು. ಬಾಷ್ ಕಂಪನಿಯ ಈಗಿನ ಪ್ಲಗ್ಗುಗಳಲ್ಲಿ ನಂಬರು ಹೆಚ್ಚಾದಷ್ಟೂ ಬಿಸಿಯದು! ಒಂದು ಬ್ಯಾಂಕಿನಲ್ಲಿ ಜಮಾ ಬರೆಯುವ ಕಡೆ ಇನ್ನೊಂದು ಬ್ಯಾಂಕಿನಲ್ಲಿ ಖರ್ಚು ಬರೆದಂತೆ. ಅದಕ್ಕೇ ಕಂಪನಿ ಬದಲಿಸುವಾಗ ನಂಬರು ನೋಡಿ ಕೊಳ್ಳಬಾರದು. ಹೊಂದಿಕೆಯ ಪಟ್ಟಿ ಅಂಗಡಿಯಲ್ಲಿ ಇರುತ್ತದೆ, ಕೇಳಿ ನೋಡಬೇಕು. ಬಾಷ್ ಎಂದರೆ ಬೇರೆಯವರಲ್ಲ, ಅಜ್ಜಂದಿರೇ, ನಮ್ಮ ಹಳೆಯ ಮೈಕೋ. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ‘ಒಂದು ಮೈಕೋ ಪ್ಲಗ್ ಕೊಡ್ರಿ’ ಎಂದು ಕೇಳುವವರು ಈಗಲೂ ಇದ್ದಾರೆ.

ನಂಬರಿನ ಜೊತೆಗೆ ಉದ್ದವನ್ನೂ ನೋಡಬೇಕು. ಚೂಡಿ ಇರುವ ಭಾಗ ಅಗತ್ಯಕ್ಕಿಂತ ಉದ್ದವಾದರೆ ಪಿಸ್ಟನ್ ಮೇಲೆ ಬಂದು ಬಡಿಯುತ್ತದೆ. ಗಿಡ್ಡವಾದರೆ ಖಾಲಿ ಉಳಿದ ಚೂಡಿಯಲ್ಲಿ ಮಸಿ ತುಂಬುತ್ತದೆ. ಹಾಕುವಾಗ ಮೊದಲು ಬರಿಗೈಯಿಂದ ತಿರುಗಿಸಬೇಕು. ಪೂರ್ತಿ ಕೂತ ಮೇಲೆ, ವಾಷರ್ ಇರುವ ಹೊಸ ಪ್ಲಗ್ಗಾದರೆ ಪಾನಾದಿಂದ ಅರ್ಧ ಸುತ್ತು ಸಾಕು. ಬಲ ತೋರಿಸಲು ಹೋದರೆ ಅಲ್ಯುಮಿನಿಯಮ್ ಹೆಡ್ಡಿನ ಚೂಡಿ ಕಿತ್ತುಬರುತ್ತದೆ.

ಈಗ ಮತ್ತೆ ಕೊಟ್ಟಿಗೆಗೆ ಬರೋಣ. ಮೇಸ್ತ್ರಿ ಪ್ಲಗ್ಗಿನ ತೂತಿನಲ್ಲಿ ಬ್ಯಾಟರಿ ಬೆಳಕು ಬಿಟ್ಟು, ತೆಳ್ಳನೆಯ ಬಿದಿರು ಕಡ್ಡಿ ಇಳಿಸಿ ಪಿಸ್ಟನ್ ಎಲ್ಲಿ ನಿಂತಿದೆ ಎಂದು ಅಳೆದರು. “ಮ್ಯಾಲೇ ನಿಂತದ. ಪುಣ್ಯ” ಎಂದರು. ಯಾಕೆ ಪುಣ್ಯ? ಎರಡು ಸ್ಟ್ರೋಕಿನ ಸಿಲಿಂಡರಿನ ಗೋಡೆಯಲ್ಲಿ ಹೊಗೆ ಹೋಗುವ ಕಿಂಡಿಗಳಿವೆ. ಪಿಸ್ಟನ್ ಕೆಳಗೆ ನಿಂತಿದ್ದರೆ ಕಿಂಡಿ ತೆರೆದಿರುತ್ತದೆ, ನಾವು ಸುರಿದ ಎಣ್ಣೆಯೆಲ್ಲ ಸೈಲೆನ್ಸರಿಗೆ ಹರಿದುಹೋಗುತ್ತದೆ. ಯೆಜ್ಡಿಗಂತೂ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು!

ಡೀಸೆಲ್ ಮತ್ತು ಇಂಜಿನ್ ಎಣ್ಣೆ ಬೆರೆಸಿ ನಾಲ್ಕು ಚಮಚದಷ್ಟು ತೂತಿನಲ್ಲಿ ಬಿಟ್ಟರು. ಧೂಳು ಬೀಳದಂತೆ ಬಟ್ಟೆ ಮುಚ್ಚಿದರು. “ಇನ್ನ ಮುಟ್ಟಬ್ಯಾಡ್ರಿ. ದಿನಾ ಮುಂಜಾನಿ ಎರಡು ಚಮಚ ಹಾಕ್ರಿ. ಆಯ್ತವಾರ ಬರ್ತೀವಿ” ಎಂದು ಎದ್ದರು. ಚಮಚದ ಕೆಲಸ ಹುಡುಗನ ಪಾಲಿಗೆ ಬಂತು, ಅಪ್ಪನ ಎದುರಿಗೇ ಮಾಡಬೇಕೆಂಬ ಷರತ್ತಿನ ಮೇಲೆ. ಅಪ್ಪ ನಕ್ಕು, “ಸೋಮವಾರ ಗುಜರಿಯವ ಬರ್ತಾನ್ರಿ, ಅಷ್ಟರೊಳಗ ಆದರ ಆತು” ಎಂದರು. ತಾತ ಅತ್ತ ಮುಖ ತಿರುಗಿಸಿದರು.

ಆ ಎಣ್ಣೆ ತುಕ್ಕಿನೊಳಗೆ ಇಳಿಯುತ್ತಿರಲಿ. ಅಷ್ಟರಲ್ಲಿ ರೋಟರಿ ಇಂಜಿನ್ನಿನ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ.

ಹೌದು, ಅದಕ್ಕೆ ಪಿಸ್ಟನ್ ಇಲ್ಲ. ಅದನ್ನು ಕಂಡುಹಿಡಿದವರು ಜರ್ಮನಿಯ ಫೆಲಿಕ್ಸ್ ವಾಂಕೆಲ್. ಎನ್‌ಎಸ್‌ಯು ಎಂಬ ಕಂಪನಿಯಲ್ಲಿ 1957ರಲ್ಲಿ ಮೊದಲ ಇಂಜಿನ್ ಓಡಿತು. ಎರಡು ಬೀಜದ ದಪ್ಪ ಶೇಂಗಾಕಾಯಿಯನ್ನು ಉದ್ದಕ್ಕೆ ಸೀಳಿದರೆ ಒಳಗೆ ಒಂದು ಆಕಾರ ಕಾಣುತ್ತದಲ್ಲ, ನಡುವೆ ಸ್ವಲ್ಪ ಸೊಂಟ ಇರುವುದು, ಹೆಚ್ಚುಕಡಿಮೆ ಆ ಆಕಾರದ ಪೆಟ್ಟಿಗೆ. ಅದರೊಳಗೆ ಬದಿಗಳು ಉಬ್ಬಿದ ಸಮೋಸದಂಥ ಮೂರು ಮೂಲೆಯ ರೋಟರು. ಅದು ಓಲಾಡುತ್ತಾ ತಿರುಗುವಾಗ ಮೂರು ಮೂಲೆಗಳೂ ಸದಾ ಗೋಡೆಗೆ ತಾಗಿಕೊಂಡೇ ಇರುತ್ತವೆ. ಹಾಗಾಗಿ ಗೋಡೆಗೂ ರೋಟರಿನ ಮೂರು ಮುಖಗಳಿಗೂ ನಡುವೆ ಮೂರು ಕೋಣೆಗಳಾಗುತ್ತವೆ. ಪ್ರತಿ ಕೋಣೆಯೂ ತಿರುಗುತ್ತಾ ದೊಡ್ಡದಾಗಿ ಮಿಶ್ರಣ ಎಳೆದುಕೊಳ್ಳುತ್ತದೆ, ಚಿಕ್ಕದಾಗಿ ಒತ್ತುತ್ತದೆ, ಕಿಡಿ ಬಿದ್ದಾಗ ಹಿಗ್ಗುತ್ತದೆ, ಕೊನೆಗೆ ಹೊಗೆ ಉಗುಳುತ್ತದೆ. ಮೇಲೆ ಕೆಳಗೆ ಕುಟ್ಟುವ ಒನಕೆ ಪಿಸ್ಟನ್ ಇಂಜಿನ್ನಾದರೆ, ಗರಗರ ತಿರುಗುವ ಬೀಸುಕಲ್ಲು ಇದು.

ಇದರ ಒಂದು ಲೆಕ್ಕ ಚೆಂದವಾಗಿದೆ. ರೋಟರು ಒಂದು ಸುತ್ತು ಬರುವಷ್ಟರಲ್ಲಿ ನಡುವಿನ ಶಾಫ್ಟು ಮೂರು ಸುತ್ತು ತಿರುಗಿರುತ್ತದೆ. ರೋಟರಿನ ಒಂದು ಸುತ್ತಿಗೆ ಮೂರು ಮುಖ, ಮೂರು ಸಲ ಉರಿ. ಹಾಗಾದರೆ ಶಾಫ್ಟಿನ ಒಂದು ಸುತ್ತಿಗೆ ಎಷ್ಟು ಸಲ ಉರಿ? ಒಂದೇ. ನಮ್ಮ ಯೆಜ್ಡಿಯ ಲೆಕ್ಕವೇ!

ಮಜ್ದಾ ಕಾರುಗಳಲ್ಲಿ ಒಂದೊಂದು ರೋಟರಿಗೆ ಎರಡೆರಡು ಪ್ಲಗ್ಗು. ಯಾಕೆಂದರೆ ಉರಿಯುವ ಕೋಣೆ ಉದ್ದ ಮತ್ತು ಕಿರಿದು. ಒಂದು ಮೂಲೆಯಲ್ಲಿ ಹಚ್ಚಿದ ಬೆಂಕಿ ಇನ್ನೊಂದು ಮೂಲೆ ಮುಟ್ಟುವಷ್ಟರಲ್ಲಿ ತಡವಾಗುತ್ತದೆ. ಒಂದು ಪ್ಲಗ್ಗನ್ನು ಮುಂದಿನದು ಎನ್ನುತ್ತಾರೆ, ಇನ್ನೊಂದನ್ನು ಹಿಂದಿನದು. ಎರಡೂ ಒಂದೇ ಅಲ್ಲ. ಆರ್‌ಎಕ್ಸ್-8 ಕಾರಿನಲ್ಲಿ ಎನ್‌ಜಿಕೆ ಲೆಕ್ಕದ ಪ್ರಕಾರ ಮುಂದಿನದು 7, ಹಿಂದಿನದು 9, ಅಂದರೆ ಹಿಂದಿನದು ಹೆಚ್ಚು ತಣ್ಣಗಿನ ಪ್ಲಗ್. ಅದಲು ಬದಲು ಮಾಡಿ ಹಾಕಬಾರದು. ಫ್ರಾನ್ಸಿನ ಲ ಮಾನ್ ಎಂಬಲ್ಲಿ 24 ಗಂಟೆ ಎಡೆಬಿಡದೆ ಓಡಿಸುವ ಕಾರುಪಂದ್ಯವನ್ನು 1991ರಲ್ಲಿ ಗೆದ್ದ ಮಜ್ದಾ 787ಬಿ ಕಾರಿಗೆ ನಾಲ್ಕು ರೋಟರು, ಒಂದೊಂದಕ್ಕೆ ಮೂರು ಪ್ಲಗ್ಗು. ಒಟ್ಟು ಎಷ್ಟು? ಬಾಯಿಲೆಕ್ಕದಲ್ಲೇ ಹೇಳಿ.

ರೋಟರಿ ಇಂಜಿನ್ ನಮ್ಮ ಕರ್ನಾಟಕಕ್ಕೂ ಬಂದಿದೆ, ಕಾರಿನಲ್ಲಲ್ಲ, ಆಕಾಶದಲ್ಲಿ! ‘ನಿಶಾಂತ್’ ಎಂಬುದು ನಮ್ಮ ಸೈನ್ಯಕ್ಕಾಗಿ ಬೆಂಗಳೂರಿನ ರಕ್ಷಣಾ ಸಂಶೋಧನಾಲಯ ಮಾಡಿದ ಚಾಲಕನಿಲ್ಲದ ವಿಮಾನ. ಲಾರಿಯ ಮೇಲಿಂದ ಹಾರಿಸುತ್ತಿದ್ದರು, ಪ್ಯಾರಾಚೂಟಿನಲ್ಲಿ ಇಳಿಸುತ್ತಿದ್ದರು. ಮೊದಲು ಅದಕ್ಕೆ ಹೊರದೇಶದ ಇಂಜಿನ್ ಇತ್ತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಮತ್ತು ಅಹ್ಮದ್‌ನಗರದ ರಕ್ಷಣಾ ವಾಹನ ಸಂಶೋಧನಾಲಯದವರು ಸೇರಿ ನಮ್ಮದೇ ವಾಂಕೆಲ್ ಇಂಜಿನ್ ಮಾಡಿದರು. ಒಂದೇ ರೋಟರು, ತೂಕ ಸುಮಾರು 30 ಕಿಲೋ, ಶಕ್ತಿ 55 ಅಶ್ವಶಕ್ತಿ. 2009ರ ಏಪ್ರಿಲ್ 5ರಂದು ಕೋಲಾರದ ಹತ್ತಿರ ನಿಶಾಂತ್ ಆ ಇಂಜಿನ್ನಿನಿಂದ ಹಾರಿತು. 30 ಕಿಲೋ ಎಂದರೆ ಒಂದು ಸಣ್ಣ ಅಕ್ಕಿಮೂಟೆ. ಅದರೊಳಗೆ 55 ಕುದುರೆ! ವಿಮಾನಕ್ಕೆ ಇದನ್ನು ಯಾಕೆ ಆರಿಸಿದರು ಎನ್ನುವುದು ಈಗ ನಿಮಗೇ ಗೊತ್ತಾಯಿತು.

ಈ ಇಂಜಿನ್ನೂ ಹಿಡಿಯುತ್ತದೆ. ರೋಟರಿನ ಮೂರು ಮೂಲೆಗಳಲ್ಲಿ ಸಣ್ಣ ಪಟ್ಟಿಗಳಿರುತ್ತವೆ, ಅವೇ ಗೋಡೆಗೆ ತಾಗುವುದು. ಕಾರು ವರ್ಷಗಟ್ಟಲೆ ನಿಂತರೆ ಆ ಪಟ್ಟಿಗಳು ಗೋಡೆಗೋ ತಮ್ಮ ಗಾಡಿಗೋ ತುಕ್ಕಿನಿಂದ ಅಂಟಿಕೊಳ್ಳುತ್ತವೆ. ಅದನ್ನು ಬಿಡಿಸುವವರೂ ಸ್ಟಾರ್ಟರ್ ಒತ್ತುವುದಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ ತೂತುಗಳಲ್ಲಿ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯುತ್ತಾರೆ. ಆಮೇಲೆ ಮುಂದಿನ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ ಕೈಯಿಂದ ಆಚೆಗೆ ಕೂದಲೆಳೆಯಷ್ಟು, ಈಚೆಗೆ ಕೂದಲೆಳೆಯಷ್ಟು ಅಲುಗಿಸುತ್ತಾರೆ. ಸ್ವಲ್ಪ ತಿರುಗಿದರೆ ಇನ್ನೊಂದು ಕೋಣೆ ತೂತಿನ ಕೆಳಗೆ ಬರುತ್ತದೆ, ಅದಕ್ಕೂ ಎಣ್ಣೆ. ಜೋರು ಮಾಡಿದರೆ ಪಟ್ಟಿಯ ಚೂರು ಮುರಿದು ಗೋಡೆಯನ್ನೆಲ್ಲ ಗೀರಿಬಿಡುತ್ತದೆ. ಜಪಾನಿನ ಕಾರಾದರೂ ಕಂಪ್ಲಿಯ ಬೈಕಾದರೂ ನಿಯಮ ಒಂದೇ.

ಭಾನುವಾರ ಹೋದೆವು. ಹುಡುಗ ಚಮಚ ಹಾಕಿದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದ. ಮೇಸ್ತ್ರಿ ಬೈಕನ್ನು ಅಂಗಳಕ್ಕೆ ತಂದು, ಗೇರು ನಾಲ್ಕಕ್ಕೆ ಹಾಕಿ, ಹಿಂದಿನ ಚಕ್ರ ನೆಲಕ್ಕೆ ಇರುವಂತೆಯೇ ಬೈಕನ್ನು ಮೆಲ್ಲಗೆ ಹಿಂದೆ ಮುಂದೆ ನೂಕಿದರು. ಟಾಪ್ ಗೇರು ಯಾಕೆ? ಫಸ್ಟ್ ಗೇರಿನಲ್ಲಿ ಚಕ್ರ ಸ್ವಲ್ಪ ತಿರುಗಲು ಇಂಜಿನ್ ಬಹಳ ತಿರುಗಬೇಕು, ಆದ್ದರಿಂದ ಚಕ್ರದಿಂದ ಅದನ್ನು ತಿರುಗಿಸುವುದು ಕಷ್ಟ. ಟಾಪ್ ಗೇರಿನಲ್ಲಿ ನಮ್ಮ ನೂಕುವ ಬಲ ಇಂಜಿನ್ನಿಗೆ ಹೆಚ್ಚು ಮುಟ್ಟುತ್ತದೆ. ಸೈಕಲ್ ಗೇರು ಗೊತ್ತಿರುವ ಮಕ್ಕಳು ಯೋಚಿಸಿ ನೋಡಿ.

ಹತ್ತು ಸಲ, ಇಪ್ಪತ್ತು ಸಲ. ಟೈರು ನೆಲಕ್ಕೆ ಉಜ್ಜಿತೇ ಹೊರತು ಏನೂ ಆಗಲಿಲ್ಲ. ಅಪ್ಪ ಗಡಿಯಾರ ನೋಡಿಕೊಂಡರು. ಮೇಸ್ತ್ರಿ ಇನ್ನೆರಡು ಚಮಚ ಎಣ್ಣೆ ಬಿಟ್ಟು, “ಚಾ ಕುಡಿಯೋಣ್ರಿ” ಎಂದರು. ಅಜ್ಜಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟರು. ತಿಂದು ಮುಗಿಸಿ ಮತ್ತೆ ನೂಕಿದಾಗ ಒಳಗಿನಿಂದ ‘ಟಕ್’ ಎಂದು ಸಣ್ಣ ಸದ್ದು. ಬೈಕು ಒಂದು ಗೇಣು ಮುಂದೆ ಹೋಯಿತು. ಮತ್ತೆ ಹಿಂದೆ. ಪ್ಲಗ್ಗಿನ ತೂತಿನಿಂದ ಕೆಂಪು ಕೆಸರಿನಂಥ ಎಣ್ಣೆ ಉಕ್ಕಿತು. ಕಟ್ಟೆಯ ಮೇಲಿದ್ದ ತಾತ ಎದ್ದು ನಿಂತಿದ್ದರು. ಅವರು ಯಾರ ಆಸರೆಯನ್ನೂ ಕೇಳಿರಲಿಲ್ಲ ಎನ್ನುವುದು ಆಮೇಲೆ ನಮ್ಮ ಗಮನಕ್ಕೆ ಬಂತು.

ಹುಡುಗ ಹೊಸ ಪ್ಲಗ್ ಹಾಕಿ ಕಿಕ್ ಹೊಡೆಯೋಣ ಎಂದ. ಮೇಸ್ತ್ರಿ ತಡೆದರು. ಸಿಲಿಂಡರಿನಲ್ಲಿ ಎಣ್ಣೆ ಇರುವಾಗ ಪ್ಲಗ್ ಹಾಕಿ ಒದೆಯಬಾರದು. ಗಾಳಿಯನ್ನು ಒತ್ತಿ ಚಿಕ್ಕದು ಮಾಡಬಹುದು, ಎಣ್ಣೆಯನ್ನು ಹಾಗೆ ಒತ್ತಲಾಗದು. ಒಳಗಿನ ಕಡ್ಡಿಯೇ ಬಗ್ಗೀತು. ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿದ ಎಣ್ಣೆಯನ್ನೂ ಹೊರಗೆ ತೆಗೆಯಬೇಕು. ಅದೂ ಅಲ್ಲದೆ, ತಿರುಗಿದ ಮಾತ್ರಕ್ಕೆ ಗುಣವಾಯಿತೆಂದಲ್ಲ. ಸಿಲಿಂಡರ್ ಬಿಚ್ಚಿ ನೋಡಿದಾಗ ರಿಂಗು ಇದ್ದ ಜಾಗದಲ್ಲಿ ತುಕ್ಕಿನ ಗೆರೆ ಇತ್ತು. ರಿಂಗುಗಳು ಮಸಿಯಲ್ಲಿ ಹೂತುಹೋಗಿದ್ದವು. ಗೀರು ಮಾತ್ರ ಇರಲಿಲ್ಲ. ಉಜ್ಜಿ ನುಣುಪು ಮಾಡಿ ಹೊಸ ರಿಂಗು ಹಾಕಿದರೆ ಸಾಕು ಎಂದರು ಮೇಸ್ತ್ರಿ.

ಇಲ್ಲಿ ನನ್ನ ಕೆಲಸ ಶುರುವಾಯಿತು. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಪ್ಲಗ್ಗು 150, ರಿಂಗು 900, ಗ್ಯಾಸ್ಕೆಟ್ಟು 250, ಕಾರ್ಬುರೇಟರ್ ಕಿಟ್ಟು 300, ಎಣ್ಣೆ 400, ಮೇಸ್ತ್ರಿಯ ಕೂಲಿ 3000. ಒಟ್ಟು 5000 ರೂಪಾಯಿ. ಗುಜರಿಗೆ ಹಾಕಿದರೆ 2500 ಬರುತ್ತದೆ, ಉಳಿಸಿಕೊಂಡರೆ 5000 ಹೋಗುತ್ತದೆ. ವ್ಯತ್ಯಾಸ 7500. ಟೈರು ಬೇರೆ. ನೋಂದಣಿಗೆ 15 ವರ್ಷ ಕಳೆದಿರುವುದರಿಂದ ಆರ್‌ಟಿಒದಲ್ಲಿ ನವೀಕರಣ, ವಿಮೆ, ಹೊಗೆ ತಪಾಸಣೆ ಆಗದೆ ರಸ್ತೆಗೆ ಇಳಿಸುವಂತಿಲ್ಲ. ಇದನ್ನೆಲ್ಲ ಅಪ್ಪನ ಮುಂದೆ ಹಾಗೆಯೇ ಓದಿದೆ. ಮುಚ್ಚಿಟ್ಟು ಯಾರನ್ನೂ ಒಪ್ಪಿಸಬಾರದು. ಬಾಳೆಗೊನೆ ಹೊತ್ತ ಮೂವತ್ತು ವರ್ಷವನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ಬಿ.ಕಾಂ.ನಲ್ಲಿ ಕಲಿಸಿರಲಿಲ್ಲ, ಅದನ್ನು ಬರೆಯಲಿಲ್ಲ.

ಅಪ್ಪ ಕಾಗದವನ್ನು ಎರಡು ಸಲ ಓದಿದರು. ತಾತನ ಕಡೆ ನೋಡಿದರು. ಆಮೇಲೆ ಫೋನು ತೆಗೆದು, “ನಾಳಿ ಬರಬ್ಯಾಡ್ರಿ, ಕೊಡೂದಿಲ್ಲ” ಎಂದು ಗುಜರಿಯವನಿಗೆ ಹೇಳಿದರು. ಬೇರೇನೂ ಹೇಳಲಿಲ್ಲ.

ಮೂರನೆಯ ವಾರ ಬೈಕು ಅಂಗಳದಲ್ಲಿ ಎದ್ದಿತು. ಮೊದಲು ಬಿಳಿ ಹೊಗೆಯೋ ಹೊಗೆ, ಆಮೇಲೆ ಹಳಬರಿಗೆಲ್ಲ ಗೊತ್ತಿರುವ ಆ ಡುಗುಡುಗು. ಓಣಿಯ ಮುದುಕರು ಮೂವರು ಕರೆಯದೆಯೇ ಬಂದು ನಿಂತರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು, ಆದರೆ ಆ ಸದ್ದು ಕೇಳಿದರೆ ಮನೆಯಲ್ಲಿ ಕೂರಲು ಅವರಿಂದ ಆಗುವುದಿಲ್ಲ. ಮಗ ತಂದೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಇಂಜಿನ್ ಓಡುತ್ತಿರುವಂತೆ ಬೈಕನ್ನು ಸ್ಟ್ಯಾಂಡಿನ ಮೇಲೇ ನಿಲ್ಲಿಸಿಕೊಂಡರು. ತಾತ ಎಡಗೈಯಿಂದ ಮಗನ ಭುಜ ತಟ್ಟಿ ಏನೋ ಹೇಳಿದರು. ನಮಗೆ ತಿಳಿಯಲಿಲ್ಲ, ಮಗನಿಗೆ ತಿಳಿಯಿತು. “ಎಣ್ಣಿ ಸರಿಯಾಗಿ ಹಾಕೀಯೋ ಇಲ್ಲೋ ಅಂತ ಕೇಳಾಕತ್ಯಾರ” ಎಂದರು.

ಹಾಗಾದರೆ, ಕಂಪ್ಲಿಯ ಗೆಳೆಯನೇ, ನಿನ್ನ ಪ್ರಶ್ನೆಗೆ ಉತ್ತರ: ತುಕ್ಕು ಹಿಡಿದು ನಿಂತ ಇಂಜಿನ್ ಎಲ್ಲವೂ ಏಳುವುದಿಲ್ಲ. ಕೆಲವಕ್ಕೆ ಸಿಲಿಂಡರೇ ಹೋಗಿರುತ್ತದೆ, ಆಗ ಗುಜರಿಯೇ ಸರಿ. ಆದರೆ ಒದ್ದು ನೋಡಿ ‘ಸತ್ತಿದೆ’ ಎಂದು ತೀರ್ಮಾನಿಸಬಾರದು. ನಾಲ್ಕು ಚಮಚ ಎಣ್ಣೆ ಬಿಟ್ಟು, ನಾಲ್ಕು ದಿನ ಕಾದು, ಬಿಚ್ಚಿ ನೋಡಿದ ಮೇಲೆ ತೀರ್ಮಾನಿಸಬೇಕು. ನೀನು ಆ ಬೈಕು ಹೊಡೆಯಲು 18 ತುಂಬಬೇಕು, ಲೈಸೆನ್ಸ್ ಬೇಕು. ಅಲ್ಲಿಯವರೆಗೆ ಒರೆಸುವ ಹಕ್ಕು ಮಾತ್ರ ನಿನ್ನದು.

ಉಳಿದ ಮಕ್ಕಳಿಗೆ ಈ ವಾರದ ಕೆಲಸ. ಒಂದು: ಪ್ಲಗ್, ಪೆಟ್ರೋಲ್, ಬ್ಯಾಟರಿ ಇವನ್ನು ದೊಡ್ಡವರಿಲ್ಲದೆ ಮುಟ್ಟಬೇಡಿ. ಕಿಡಿ ಹಾರುವಾಗ ಪ್ಲಗ್ ಹಿಡಿದರೆ ಜೋರಾಗಿ ಶಾಕ್ ಹೊಡೆಯುತ್ತದೆ. ಎರಡು: ನಿಮ್ಮ ಮನೆಯ ಅಥವಾ ಓಣಿಯ ಗ್ಯಾರೇಜಿಗೆ ಹೋಗಿ ಹಳೆಯ ಪ್ಲಗ್ಗೊಂದನ್ನು ಕೇಳಿ ತಂದು, ಅದರ ತುದಿಯ ಬಣ್ಣ ನೋಡಿ, ಅದರ ಇಂಜಿನ್ನಿಗೆ ಏನಾಗಿತ್ತು ಎಂದು ಊಹಿಸಿ ಬರೆಯಿರಿ. ಮೂರು: 20 ಭಾಗ ಪೆಟ್ರೋಲಿಗೆ 1 ಭಾಗ ಎಣ್ಣೆ ಎಂದರೆ 5 ಲೀಟರ್ ಪೆಟ್ರೋಲಿಗೆ ಎಷ್ಟು ಮಿಲಿಲೀಟರ್ ಎಣ್ಣೆ ಬೇಕು? ಉತ್ತರವನ್ನು ನಿಮ್ಮ ತಾತನಿಗೆ ಹೇಳಿ, ಅವರು ಕಣ್ಣಳತೆಯಲ್ಲಿ ಹಾಕುತ್ತಿದ್ದುದು ಸರಿಯಿತ್ತೇ ಎಂದು ಕೇಳಿ. ಅವರು ಏನು ಹೇಳಿದರೆಂದು ನನಗೆ ಬರೆದು ಕಳಿಸಿ.